ಎಡಗಾಲು ಜಾರಿದ ಆಟ

ಪತ್ರಿಕೆಯ ತುಂಡನ್ನು ಸರ್ಕಸ್ಸಿನ ಟಿಕೆಟ್ ಕಿಟಕಿಗೆ ಅಂಟಿಸಿದ್ದರು. ತಮ್ಮ ಸಾಲುಗಳ ಕೆಳಗೆ ಎಳೆದ ಕೆಂಪು ಗೆರೆ ಕಂಡು ಮೇಷ್ಟರು ಒಳಗೊಳಗೇ ಉಬ್ಬಿದರು. ಮೂವತ್ತು ವರ್ಷಗಳಲ್ಲಿ ಅವರು ಪಾಠ ಹೇಳಿದ್ದಕ್ಕಿಂತ ನಾಟಕ, ಸರ್ಕಸ್ಸು ನೋಡಿ ಪತ್ರಿಕೆಗೆ ಬರೆದದ್ದೇ ಹೆಚ್ಚು. ಊರವರು ಅವರನ್ನು 'ಮುಂದಿನ ಸಾಲು' ಎಂದೇ ಕರೆಯುತ್ತಿದ್ದರು. 'ತಂತಿಯ ನಡುವೆ ಎಡಗಾಲು ಜಾರಿ, ಒಂದೇ ಕೈಯಲ್ಲಿ ನೇತಾಡಿ ಮತ್ತೆ ಮೇಲೇರುವ ಆ ನಟನೆಯೇ ಆಟದ ಜೀವ' ಎಂದು ಹೋದ ವಾರ ಬರೆದಿದ್ದರು.

ಡೇರೆಯ ಹಿಂದೆ ತಂತಿಯ ಮೇಲೆ ನಡೆಯುವಾಕೆ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆಯಲ್ಲಿ ಮೇಷ್ಟರು ಹೋಗಿ ನಿಂತರು.

"ಬರೆದೋರು ನೀವೇನಾ?" ಎಂದಳು ತಲೆ ಎತ್ತದೆ. "ಅದು ನಟನೆ ಅಂತ ನಿಮಗ್ಯಾರು ಹೇಳಿದ್ರು ಸಾರ್? ಅವತ್ತು ನಿಜವಾಗ್ಲೂ ಜಾರಿದ್ದೆ."

ಮೇಷ್ಟರು ಆಕೆಯ ಪಟ್ಟಿಯತ್ತ ನೋಡಿದರು.

"ಈಗ ಮಾಲೀಕರು ಪ್ರತಿ ಆಟದಲ್ಲೂ ಜಾರು ಅಂತಾರೆ. ಈ ಭುಜ ಎಷ್ಟು ದಿನ ತಡೆಯುತ್ತೆ ಹೇಳಿ."

"ನಿಜ ಏನಂತ ತಿದ್ದಿ ಬರೀತೀನಮ್ಮ."

"ನನ್ನ ಕೆಲಸಕ್ಕೇ ಕಲ್ಲು ಹಾಕ್ಬೇಡಿ. ನಿಜವಾಗ್ಲೂ ಜಾರಿದ್ದೆ ಅಂತ ಗೊತ್ತಾದ್ರೆ ಓಡಿಸ್ತಾರೆ. ಜಾರೋದು ಚೆನ್ನಾಗಿಲ್ಲ ಅಂತ ಬರೀರಿ, ಸಾಕು. ಅಚ್ಚಾಗಿದ್ದನ್ನ ಮಾಲೀಕರು ನಂಬ್ತಾರೆ."

ಸುಳ್ಳು ಬರೆಯುವುದೇ? ಸ್ವಂತ ಭಾವಮೈದ ರಾಜನ ವೇಷ ಹಾಕಿದಾಗ 'ಕಿರೀಟ ಚೆನ್ನಾಗಿತ್ತು' ಎಂದಷ್ಟೇ ಬರೆದು, ಆರು ವರ್ಷ ಆ ಮನೆಯವರ ಮಾತು ಕಳೆದುಕೊಂಡಿದ್ದ ಮನುಷ್ಯ! ಆಟ ಶುರುವಾದಾಗ ಡೇರೆಯೊಳಗೆ ಅವರಿಗೆ ಕುರ್ಚಿ ಮುಳ್ಳಿನಂತಾಯಿತು. ಎದ್ದರು, ಹಿಂದಿನವರು ಗದರಿದರು, ಕೂತರು. ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ಮತ್ತೆ ತೆಗೆದರು. ಆಕೆ ಬಿದ್ದರೆ ಬೀಳಿಸಿದ್ದು ತಾನೇ ಎಂದು ಭಯವಾಯಿತು.

ತಂತಿಯ ನಡುವೆ ಆಕೆ ನಿಂತಾಗ ಡೇರೆ ಉಸಿರು ಬಿಗಿಹಿಡಿಯಿತು. ಮುಂದೇನೆಂದು ಎಲ್ಲರೂ ಓದಿಕೊಂಡೇ ಬಂದಿದ್ದರು. ಎಡಗಾಲು ಜಾರಿತು. ಪಟ್ಟಿ ಕಟ್ಟಿದ ಕೈ ತಂತಿಯನ್ನು ಹಿಡಿಯಿತು. ಇಡೀ ದೇಹ ಆ ಒಂದು ಕೈಗೆ ಜೋತುಬಿದ್ದು, ತಿರುಗಿ, ನಿಧಾನವಾಗಿ ಮೇಲೇರಿತು.  ಇಷ್ಟು ಚಂದದ್ದನ್ನು ಮೇಷ್ಟರು ತಮ್ಮ ಜನ್ಮದಲ್ಲಿ ನೋಡಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಮೇಷ್ಟರು ಕೂತಲ್ಲೇ ಪುಸ್ತಕ ಬಿಚ್ಚಿ 'ಹಳಸಿದ ನಟನೆ' ಎಂದು ಬರೆದರು.  ಒಂದನೇ ತರಗತಿಯ ಮಕ್ಕಳಂತೆ ಆ ಅಕ್ಷರಗಳ ಮೇಲೆಯೇ ಇನ್ನೊಮ್ಮೆ ತಿದ್ದಿದರು.