ಪ್ರಜ್ಞಾನ ಅವ್ವ

"ಬಾಯಿ ಬಿಟ್ಟ ಅಳಬೇ, ಮಂದಿ ನೋಡಾಕ ಹತ್ತೇತಿ. ಅವ್ವಾ ಅನ್ನ," ಎಂದು ತಾಯವ್ವ ಮೊಮ್ಮಗಳ ತೋಳು ಹಿಡಿದು ಹೆಣದ ಕಡೆಗೆ ಎಳೆದಳು.

ಪ್ರಜ್ಞಾ ಬಾಗಿಲ ಚೌಕಟ್ಟು ಬಿಡಲಿಲ್ಲ. ನಿನ್ನೆ ಕೆಲಸದಲ್ಲೇ ಕುಸಿದು ಸತ್ತ ಯಶೋಧಾಳ ತಲೆದೆಸೆಯಲ್ಲಿ ಮೇಣದಬತ್ತಿ ಉರಿಯುತ್ತಿತ್ತು. ಬಂದ ಹೆಂಗಸರೆಲ್ಲ ಪಾದ ಹಿಡಿದು ಅಕ್ಕಾ, ತಂಗೀ, ಸೊಸೀ ಎಂದು ಕರೆದು ಅಳುತ್ತಿದ್ದರು. ಮಗಳಿಗೆ ಮಾತ್ರ ಕರೆಯಲು ಬಾಯಿ ಬರಲಿಲ್ಲ. ಮಾತು ಕಲಿತಾಗಿನಿಂದ ಅವಳು ಅವ್ವ ಎಂದದ್ದು ಅಜ್ಜಿಗೆ. ಹೆತ್ತವಳನ್ನು ಅಜ್ಜಿ ಕರೆದಂತೆಯೇ ಯಶೋಧಾ ಎನ್ನುತ್ತಿದ್ದಳು.

"ಎಂಥಾ ಕಲ್ಲ ಮನಸ್ಸಿನಾಕಿ ನೋಡವಾ," ಎಂದು ಯಾರೋ ಪಿಸುಗುಟ್ಟಿದರು. ಪ್ರಜ್ಞಾಳ ಕಿವಿ ಸುಟ್ಟಂತಾಯಿತು.

*

ಗಂಡ ತೀರಿದ ಮೇಲೆ ಯಶೋಧಾ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದ್ದಳು. ಬೈಲಹೊಂಗಲದಿಂದ ಹೊರಡುವ ಮೊದಲ ಬಸ್ಸು ಹತ್ತಿ ಹೋದರೆ, ಮಗಳು ಮಲಗಿದ ಮೇಲೆ ಬರುತ್ತಿದ್ದಳು.

ಕೆಲಸಕ್ಕೆ ರಜೆಯಿದ್ದ ಒಂದು ದಿನ ಯಶೋಧಾ, ಮಗಳು ಮರೆತ ಬುತ್ತಿ ಹಿಡಿದು ಶಾಲೆಗೆ ಬಂದಳು. ಸೀರೆಗೆ ಫಿನಾಯಿಲ್ ವಾಸನೆ.

"ಯಾರಬೇ ಆಕಿ?" ಎಂದರು ಗೆಳತಿಯರು.

"ನಮ್ಮ ಮನ್ಯಾಗ ಮಲಗಾಕ ಬರತಾಳ," ಎಂದಳು ಪ್ರಜ್ಞಾ.

ಹುಡುಗಿಯರು ನಕ್ಕರು. ಯಶೋಧಾಳೂ ನಕ್ಕಳು. "ಖರೇನ ಐತಿ," ಎಂದು ಬುತ್ತಿಯ ಮುಚ್ಚಳ ಇನ್ನೊಮ್ಮೆ ಬಿಗಿಮಾಡಿ ಕೊಟ್ಟು ಹೋದಳು. ಮುಂದೆ ಎಂದೂ ಶಾಲೆಯ ಕಡೆ ಸುಳಿಯಲಿಲ್ಲ.

*

ಹೆಣ ಎತ್ತುವ ಹೊತ್ತಿಗೆ ನಾಲ್ವರು ಹೆಂಗಸರು, ಹೆಗಲಿಗೆ ಊಟದ ಚೀಲ ಹಾಕಿಕೊಂಡವರು, ಅಂಗಳಕ್ಕೆ ಓಡಿಬಂದರು.

"ಪ್ರಜ್ಞಾನ ಅವ್ವಾ! ನಮ್ಮನ್ನ ಬಿಟ್ಟ ಹ್ಯಾಂಗ ಇಳದ ಹೋದಿಬೇ!"

ಯಶೋಧಾಳ ಅಣ್ಣ ಭೀಮಶಿ ಅಡ್ಡ ಬಂದ. "ಯಾರ್ರಿ ನೀವು?"

"ಆಕಿ ಬಸ್ಸಿನವರ್ರಿ ಅಣ್ಣಾರ," ಎಂದಳು ಗುರುಬಸವ್ವ ಎಂಬ ದಪ್ಪ ಹೆಂಗಸು. "ಆಕಿ ಹೆಸರ ಯಶೋಧಾ ಅನ್ನೂದು ನಮಗ ಇವತ್ತ ಗೊತ್ತಾತು. ಕಂಡಕ್ಟರನೂ ಪ್ರಜ್ಞಾನ ಅವ್ವ ಅಂತಿದ್ದ. ಹಂಗ ಕರದ್ರ ಹಿಗ್ಗತಿದ್ಲು. ಆ ಹುಡುಗಿ ಕೆಮ್ಮಿದ್ರ ಇಡೀ ಬಸ್ಸಿಗೆ ಸುದ್ದಿ. ಆಕಿ ಸಾಲಿ ಬಿಟ್ಟ ಮನ್ಯಾಗ ಕುಂತಾಗ ನಾವೂ ಬಸ್ಸಿನ್ಯಾಗ ಕೂಡೇ ಬೈದೇವಿ. ಎಲ್ಲದಾಳ್ರಿ ಆಕಿ?"

ಅಂಗಳದ ಕಣ್ಣೆಲ್ಲ ಬಾಗಿಲಿಗೆ ತಿರುಗಿದವು. ಇವಳು ಒಮ್ಮೆಯೂ ಅವ್ವ ಅಂದವಳಲ್ಲ ಎಂದು ಅಜ್ಜಿ ಅಂದುಬಿಟ್ಟಾಳೆಂದು ಪ್ರಜ್ಞಾ ನೆಲ ನೋಡಿದಳು. ತಾಯವ್ವ ಅವಳ ತೋಳು ಹಿಡಿದು ಮುಂದೆ ತಂದಳು.

ಹೆಣದ ಪಕ್ಕ ಒತ್ತೊತ್ತಾಗಿ ಕುಳಿತ ಬಸ್ಸಿನ ಗೆಳತಿಯರಿಗೆ ಗುರುಬಸವ್ವ, "ತುಸು ಅತ್ತಾಗ ಸರೀರಿಬೇ, ಪ್ರಜ್ಞಾ ಬಂದ್ಲು," ಎಂದಳು. ಜಾಗವೇ ಇಲ್ಲದ ಕಡೆ ಒಂದು ಗೇಣು ತೆರವಾಯಿತು. ಪ್ರಜ್ಞಾ ಅದರಲ್ಲಿ ತೂರಿ ಕುಳಿತಳು. ತಣ್ಣನೆಯ ಪಾದ ಮುಟ್ಟಿದಳು. ಬಾಯಿ ತೆರೆದಳು.

"ಯಶೋ..."

ಅಲ್ಲಿಗೇ ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು.

ದುಃಖ ಉಕ್ಕಿ ಬಂತೆಂದುಕೊಂಡ ಗುರುಬಸವ್ವ, ಚೀಲವನ್ನು ತೊಡೆಯ ಮೇಲೆಳೆದುಕೊಂಡು, ತಿರುವಿನಲ್ಲಿ ಬಸ್ಸು ಹೊರಳುವಾಗ ಮಾಡುವ ಹಾಗೆ, ಹುಡುಗಿ ಬೀಳದಿರಲೆಂದು ಅವಳ ಬೆನ್ನಿಗೆ ಕೈ ಅಡ್ಡ ಹಿಡಿದಳು.