ನಾಲ್ಕೂವರೆ ಮೊಳ

ಅಂದಪ್ಪನ ಮನೆಗೆ ದಾರಿ ಇರಲಿಲ್ಲ. ಅವನ ಹೆಣ ಕೂಡಿಸಿ ಹೊತ್ತ ಬಿದಿರಿನ ವಿಮಾನ ಅಂಗಳ ದಾಟಿ ಓಣಿಯ ಬಾಯಲ್ಲಿ ಸಿಕ್ಕಿಕೊಂಡಾಗ ಇದು ಊರಿಗೆಲ್ಲ ಗೊತ್ತಾಯಿತು. ಮೊದಲೂ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇದ್ದರು.

"ಹಿಂದ ಸರೀರಿ! ಹಿಂದ ಸರೀರಿ!" ಮುಂದಿನ ಗಳ ಹಿಡಿದವರು ಕೂಗಿದರು.

ವಿಮಾನಕ್ಕೆ ಕಟ್ಟಿದ ಬಾಳೆದಿಂಡು ಗೋಡೆಗೆ ಉಜ್ಜಿ ಸುಲಿಯಿತು. ಒಳಗೆ ಚಕ್ಕಳಮಕ್ಕಳ ಹಾಕಿಸಿ ಕೂಡಿಸಿದ್ದ ಅಂದಪ್ಪನ ತಲೆ, ಬಟ್ಟೆಯಿಂದ ಬಿಗಿದಿದ್ದರೂ, ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬಿತ್ತು. ಮಗಳು ಗುರುಸಿದ್ದವ್ವ ಅದನ್ನು ನೋಡಿದಳು. ಅಳಲಿಲ್ಲ. ಬೆಳಗಿನಿಂದಲೂ ಅತ್ತಿರಲಿಲ್ಲ.

"ಅಳತಿ ನೋಡ್ಲಿಲ್ಲೇನಲೇ ಯಮನೂರಾ?" ಅಂದಪ್ಪನ ತಂಗಿ ದೇವವ್ವ ವಿಮಾನ ಕಟ್ಟಿದ ಬಡಿಗನ ಮೇಲೆ ಹರಿಹಾಯ್ದಳು.

"ಏನ್ ನೋಡ್ಲಿ ಅವ್ವಾರ? ಊರಾಗ ಎಲ್ಲಾರ್ನೂ ಇದ ಅಳತಿಯಾಗ ಕಳಿಸೀನಿ, ಅಡ್ಡ ಮೂರು ಮೊಳ. ಇಲ್ಲೀತನಕ ಯಾರೂ ತಿರುಗಿ ಬಂದು ಬರೋಬ್ಬರಿ ಇಲ್ಲ ಅಂದಿಲ್ಲ," ಎಂದ ಯಮನೂರಪ್ಪ.

ಹಿಂದೆ ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಬಿದಿರು ಓಣಿಯೊಳಗಿಂದ ಉದ್ದಕ್ಕೆ ಬಂದಿತ್ತು, ಬಾಳೆಯೂ ಉದ್ದಕ್ಕೆ ಬಂದಿತ್ತು. ಅಂಗಳದಲ್ಲಿ ಕಟ್ಟಿ ಮುಗಿಸುವಾಗ ಅಡ್ಡ ಎಷ್ಟಾಯಿತೆಂದು ಯಾರೂ ನೋಡಲಿಲ್ಲ. ಓಣಿ ಇದ್ದದ್ದು ಒಂದೂವರೆ ಮೊಳ. ಎಡಕ್ಕೆ ಕೋಟೆಯ ಹಳೆಯ ಕಲ್ಲುಗೋಡೆ. ಬಲಕ್ಕೆ ನೂಲಿನ ಸಾಹುಕಾರ ಚನ್ನಬಸವಣ್ಣ ಸರಕು ತುಂಬಿಡುವ ವಖಾರದ ಗೋಡೆ, ದೀಪಾವಳಿಗೆ ಸುಣ್ಣ ಹೊಡೆದದ್ದು.

ಚನ್ನಬಸವಣ್ಣನೇ ಮಂದಿಯನ್ನು ಸರಿಸಿಕೊಂಡು ಬಂದ. ಕೈಯಲ್ಲಿ ಹೂವಿನ ಹಾರವಿತ್ತು.

"ಯಾಕ ತ್ರಾಸ ಮಾಡ್ಕೊಂತೀರಿ? ನನ್ನ ವಖಾರದಾಗ ಹಾಯಿಸಿ ಒಯ್ಯಿರಿ. ಅಂಗಳದ ಕಡೆ ಬಾಗಲಾ ತಗಸ್ತೀನಿ. ಬಜಾರದ ಕಡೆ ಚಕ್ಕಡಿ ಹೋಗೂವಷ್ಟು ದೊಡ್ಡ ಬಾಗಲಾ ಐತಿ. ಸತ್ತವರ ಕೂಡ ನನಗೇನು ಹಗಿ?"

"ದೊಡ್ಡ ಮನಸು ಸಾವಕಾರ್ರದು," ಎಂದಿತು ಗುಂಪು. ಅಲ್ಲಿದ್ದ ಮೂವತ್ತು ಜನರಲ್ಲಿ ಇಪ್ಪತ್ತು ಜನ ಅವನ ನೂಲು ನೇಯುವವರು.

*

ಒಂಬತ್ತು ವರ್ಷದ ಹಿಂದೆ, ಸಂಸ್ಥಾನದ ದೊರೆ ತನ್ನ ಸೀಮೆಯನ್ನು ಮುಂಬಯಿ ಸರಕಾರಕ್ಕೆ ಒಪ್ಪಿಸಿದ ವಾರವೇ ಚನ್ನಬಸವಣ್ಣ ಓಣಿಯೊಳಕ್ಕೆ ಸರಿದು ವಖಾರದ ಗೋಡೆಗೆ ಪಾಯ ತೋಡಿಸಿದ್ದ. ಹಳೆಯ ಅಧಿಕಾರಿ ಹೋಗಿದ್ದ, ಹೊಸಬ ಬಂದಿರಲಿಲ್ಲ. ಕೇಳುವವರಿಲ್ಲದ ಹನ್ನೊಂದು ದಿನಗಳಲ್ಲಿ ಗೋಡೆ ಎದೆಮಟ್ಟ ಎದ್ದಿತು. ಅಲ್ಲಿಯವರೆಗೆ ಅಂದಪ್ಪ ಆ ಓಣಿಯಲ್ಲೇ ಮಗ್ಗದ ಹಾಸಿನ ನೂಲು ಉದ್ದಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದ. ಆಮೇಲೆ ಕೆರೆಯ ದಂಡೆಗೆ ಹೋಗಬೇಕಾಯಿತು. ಅಲ್ಲಿ ಗಾಳಿಗೆ ಎಳೆ ಹರಿಯುತ್ತಿದ್ದವು.

"ಜಾಗಾ ನಮ್ಮಪ್ಪಂದು. ಪರವಾನಗಿ ಐತಿ. ಪುರಸಭಾದಾಗ ನೋಡ್ಕೋ ಹೋಗು," ಎಂದಿದ್ದ ಚನ್ನಬಸವಣ್ಣ. ಬೈದು ಕಳಿಸುವವರು ಹೇಳುವ ಮಾತು ಅದು. ಅಂದಪ್ಪ ಅದನ್ನು ನಿಜವೆಂದು ತಿಳಿದ. ನೋಡಲು ಹೋದ.

ಅರ್ಜಿ ಕೊಟ್ಟವರು ಯಾರೇ ಆಗಲಿ ದಫ್ತರ ನೋಡಬಹುದೆಂದು ಪುರಸಭೆಯ ಗೋಡೆಗೆ ಹಲಗೆ ತೂಗುತ್ತಿತ್ತು. ನಾಲ್ಕನೇ ಇಯತ್ತೆ ಓದಿದ್ದ ಗುರುಸಿದ್ದವ್ವ ಅರ್ಜಿ ಬರೆದಳು. ಹಳೆಯ ದಫ್ತರ ಶಿರಹಟ್ಟಿಗೆ ಹೋಗಿದೆ ಎಂದರು. ಶಿರಹಟ್ಟಿಗೆ ನಡೆದು ಹೋದ. ಧಾರವಾಡಕ್ಕೆ ಹೋಗಿದೆ ಎಂದರು. ಗದಗಿಗೆ ಬಂದು ರೈಲು ಹತ್ತಿದ. ಧಾರವಾಡದಲ್ಲಿ ಎರಡು ದಿನ ಕೂಡಿಸಿ, ನಿಮ್ಮೂರಲ್ಲೇ ಕೇಳು ಎಂದರು. ಹೀಗೆ ಐದು ವರ್ಷ. ಸಂತೆಯ ದಿನ ಮಗ್ಗ ನಿಲ್ಲಿಸಿ ಹೊರಟರೆ ಓಣಿಯ ಮಂದಿ, "ಅಂದಪ್ಪನ ಕಚೇರಿ ಚಾಲೂ ಆತು ನೋಡ್ರಿ," ಎಂದು ನಗುತ್ತಿದ್ದರು.

ದಫ್ತರ ಎಲ್ಲಿಗೂ ಹೋಗಿರಲಿಲ್ಲ. ಪುರಸಭೆಯ ಅಟ್ಟದ ಮೇಲೇ ಇತ್ತು. ಆರನೆಯ ವರ್ಷ ದಫ್ತರ ಕಾಯುವ ನಜೀರಸಾಬ ಗಂಟು ಇಳಿಸಿ, ಧೂಳು ಕೊಡವಿ, ಮರಾಠಿಯ ಹಳೆಯ ಮೋಡಿ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಿ ನೋಡ್ರಿ ಅಂದಪ್ಪಣ್ಣ. ಸಾವಕಾರ್ರ ಅಪ್ಪಗ ವಖಾರ ಕಟ್ಟಾಕ ಪರವಾನಗಿ ಕೊಟ್ಟೈತಿ. ಕೋಟಿ ಗ್ವಾಡಿ ಕಡೆ ಆರು ಮೊಳ ಮಂದಿ ಹಾದಿ ಬಿಡಬೇಕು ಅಂತ ಬರದೈತಿ."

ಅಂದಪ್ಪ ಮೂರು ಸಲ ಓದಿಸಿದ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಕೇಳಿದ. ಮುದ್ರೆ ಹಾಕಿದ ನಕಲು ತಂದು ದೇವರ ಮಾಡದಲ್ಲಿಟ್ಟ.

ಆದರೆ ಅಧಿಕಾರವಿದ್ದವರಲ್ಲಿ ಅದನ್ನು ಓದುವವರು ಸಿಗಲಿಲ್ಲ. ಮುಂಬಯಿ ಸರಕಾರದ ಸಾಹೇಬನಿಗೆ ಮೋಡಿ ಬರುತ್ತಿರಲಿಲ್ಲ. ಬರುತ್ತಿದ್ದ ಕಾರಕೂನ ಹಬ್ಬಕ್ಕೊಮ್ಮೆ ಚನ್ನಬಸವಣ್ಣನ ಮನೆಯಲ್ಲಿ ಉಣ್ಣುತ್ತಿದ್ದ.

ಕನ್ನಡ ನಾಡು ಒಂದಾದ ದಿನ ಅಂದಪ್ಪ ಒಗೆದ ಧೋತರ ಉಟ್ಟು ಮೆರವಣಿಗೆಯಲ್ಲಿ ನಡೆದ. "ಇನ್ನ ನಮ್ಮ ಸರಕಾರ," ಎಂದ. ಮೈಸೂರಿನ ಕಡೆಯ ಹೊಸ ಸಾಹೇಬ ಬಂದ ಕೂಡಲೇ ನಕಲು ಒಯ್ದು ಮೇಜಿನ ಮೇಲಿಟ್ಟ.

"ಇದೇನ್ರೀ ಇದು, ಯಾವ ಭಾಷೆ? ಬಿಟ್ಟು ಹೋಗಿ, ನೋಡೋಣ," ಎಂದ ಸಾಹೇಬ.

ಬಿಟ್ಟು ಬಂದ. ಮುಟ್ಟಿದ್ದಕ್ಕೆ ಬರೆಸಿಕೊಳ್ಳಲಿಲ್ಲ.

"ಚೀಟಿ ಯಾಕ ಕೇಳ್ಲಿಲ್ಲ ಅಪ್ಪಾ?" ಗುರುಸಿದ್ದವ್ವ ಕೂಗಾಡಿದಳು.

"ಹುಚ್ಚಿ, ಅವರು ಕನ್ನಡ ಮಂದಿ. ನಮ್ಮವರ ಕಡೆ ಯಾರರ ಚೀಟಿ ಕೇಳ್ತಾರೇನ?"

ಮುಂದಿನ ವಾರ ಹೋದಾಗ ಅಂಥ ಕಾಗದ ಬಂದೇ ಇಲ್ಲ ಎಂದರು. ಅಂದಪ್ಪ ಮನೆಗೆ ಬಂದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಲಾಳಿ ಮುಟ್ಟಲಿಲ್ಲ. ಇನ್ನೊಂದು ನಕಲು ತೆಗೆಸೋಣ ಎಂದು ಅವಳು ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ.

*

ವಖಾರದ ಒಳಗಿನ ಬಾಗಿಲು ತೆರೆದಿತ್ತು. ಸಂಸ್ಕಾರಕ್ಕೆ ಬಂದಿದ್ದ ಅಯ್ಯನವರು ಬಿಸಿಲು ನೋಡಿ, "ಜಲ್ದಿ ಮಾಡ್ರಿ, ಕುಣಿ ತೋಡಿ ಭಾಳ ಹೊತ್ತಾತು," ಎಂದರು. ಹೊತ್ತವರು ಬಾಗಿಲ ಕಡೆ ತಿರುಗಿದರು.

ಗುರುಸಿದ್ದವ್ವ ಅಡ್ಡ ನಿಂತಳು.

"ಇದರಾಗ ಒಯ್ಯಬ್ಯಾಡ್ರಿ."

"ಯಾಕವ್ವ?"

"ಹಾದಿ ಮಂದೀದು ಅಂತ ಒಂಬತ್ತು ವರ್ಷ ಬಡಕೊಂಡ ನಮ್ಮಪ್ಪ. ಇವತ್ತ ಸಾವಕಾರ್ರ ಉಪಕಾರದಾಗ ಹ್ವಾದ ಅಂದ್ರ ಅವ ಸುಳ್ಳ ಹೇಳಿದಂಗಾತು."

"ಹೆಣಾ ಮುಂದಿಟ್ಕೊಂಡು ಜಗಳಾ ತಗೀಬಾರ್ದು ತಂಗಿ," ಎಂದ ಚನ್ನಬಸವಣ್ಣ, ಮೆತ್ತಗೆ. "ಆ ಕಾಗದ ಇದ್ರ ತೋರಸು. ಈಗ ಗ್ವಾಡಿ ಕೆಡವಸ್ತೀನಿ."

ನಜೀರಸಾಬ ಅಂಗಳದ ಮೂಲೆಯಲ್ಲಿ ನಿಂತಿದ್ದ. ಬೆಳಿಗ್ಗೆ ಬಂದವನೇ ಅವಳಿಗೊಬ್ಬಳಿಗೆ ಕೇಳುವ ಹಾಗೆ ಒಂದು ಮಾತು ಹೇಳಿದ್ದ. ಅವಳು ಅವನ ಕಡೆ ತಿರುಗಿದಳು.

"ಚಾಚಾ, ಮುಂಜಾನೆ ನನಗ ಹೇಳಿದ್ದು ಈಗ ಜೋರಾಗಿ ಹೇಳ್ರಿ."

ನಜೀರಸಾಬ ನೆಲ ನೋಡಿದ. ಅವನ ಪಿಂಚಣಿಗೆ ಇನ್ನೂ ಎಂಟು ತಿಂಗಳಿತ್ತು.

"ಆತು, ನಾನ ಹೇಳ್ತೀನಿ," ಎಂದು ಗುರುಸಿದ್ದವ್ವ ಗುಂಪಿನ ಕಡೆ ತಿರುಗಿದಳು. "ಆ ದಫ್ತರದ ಪುಸ್ತಕ ಅಟ್ಟದ ಮ್ಯಾಲೆ ಇಲ್ಲ. ಪುರಸಭಾ ಮೆಂಬರ್ ಅಂತ ಹೇಳಿ, ಓದಾಕ ಬೇಕು ಅಂತ ಹೇಳಿ, ಈ ಸಾವಕಾರ್ರು ತಮ್ಮ ಮನೀಗೆ ಒಯ್ದಾರ. ಸಹಿ ಮಾಡ್ಯಾರ. ವರ್ಷ ಆತು, ತಿರುಗಿ ಕೊಟ್ಟಿಲ್ಲ. ಸಾವಕಾರ್ರ, ನಿಮಗ ಮೋಡಿ ಓದಾಕ ಬರತೈತೇನ್ರಿ?"

ಚನ್ನಬಸವಣ್ಣ ಹಾರವನ್ನು ಹೆಣಕ್ಕೆ ಹಾಕದೆ ವಿಮಾನದ ಗಳಕ್ಕೆ ಸಿಕ್ಕಿಸಿದ. "ದುಃಖದಾಗ ಬಾಯಿ ಹಿಡತ ತಪ್ಪತೈತಿ. ನಾ ಏನೂ ಮನಸಿಗೆ ಹಚ್ಕೊಳ್ಳೂದಿಲ್ಲ," ಎಂದು ತನ್ನ ಬಾಗಿಲಿಂದಲೇ ಹೊರಟ. ನಾಲ್ಕೈದು ಜನ ಅವನ ಹಿಂದೆ ಹೋದರು.

"ಯಮನೂರಣ್ಣ, ಗರಗಸ ಎಲ್ಲೈತಿ?"

"ಏನ್ ಮಾಡ್ತೀಯವ್ವ?"

"ಗ್ವಾಡಿ ಕೊಯ್ಯಾಕ ಆಗೂದಿಲ್ಲ. ವಿಮಾನರ ಕೊಯ್ಯೂಣು."

"ಹೆಣಾ ಕುಂತ ವಿಮಾನಕ್ಕ ಗರಗಸ ಹಚ್ಚಾಂಗಿಲ್ಲವ್ವ. ನನ್ನ ಕೈಲಿ ಆಗೂದಿಲ್ಲ."

ಅವಳೇ ಎತ್ತಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಪ್ಪನ ಕಾಲ ಬಳಿ ಮೊಣಕಾಲೂರಿ, ಅಡ್ಡ ಬಿದಿರಿಗೆ ಗರಗಸ ಹಚ್ಚಿದಳು. ಎಳೆದಂತೆಲ್ಲ ಹೆಣ ಅಲುಗಿತು. ದೇವವ್ವ ಬಂದು ಅಣ್ಣನ ಭುಜ ಹಿಡಿದು ನಿಂತಳು. ಬೈಯುತ್ತಲೇ ನಿಂತಳು, ಯಾರನ್ನೆಂದು ಹೇಳದೆ. ಮೂರನೆಯ ತುಂಡಿಗೆ ಯಮನೂರಪ್ಪ ಗರಗಸ ಕಸಿದುಕೊಂಡ. "ಓರೆ ಹೊಂಟೈತಿ, ಕೊಡಿಲ್ಲೆ," ಎಂದು ಕೊಯ್ದು ಮುಗಿಸಿದ. ಮೇಲಿನ ಕಮಾನು ಬಿಚ್ಚಿದರು. ಉಳಿದದ್ದು ಒಂದು ಹಲಗೆ, ಅದರ ಮೇಲೆ ಕೂತ ಅಂದಪ್ಪ.

ಮುಂದೆ ಇಬ್ಬರು, ಹಿಂದೆ ಇಬ್ಬರು, ಒಬ್ಬರ ಬೆನ್ನಿಗೆ ಒಬ್ಬರು ನಿಂತು ಎತ್ತಿದರು. ಹಲಗೆ ಓಣಿಯಲ್ಲಿ ಹಿಡಿಯಿತು. ಅಂದಪ್ಪ ಹಿಡಿಯಲಿಲ್ಲ. ಮಡಿಸಿದ ಮೊಣಕಾಲುಗಳು ಹಲಗೆಯಿಂದ ಹೊರಗೆ ಚಾಚಿದ್ದವು. ಎಡಗಾಲು ಕೋಟೆಯ ಕಲ್ಲಿಗೆ, ಬಲಗಾಲು ವಖಾರದ ಗೋಡೆಗೆ ತಿಕ್ಕುತ್ತ ಓಣಿಯುದ್ದಕ್ಕೂ ಸಾಗಿದವು. ಗೋಡೆಯ ಮೇಲೆ ಗೀರು ಬಿತ್ತು. ಬಜಾರಕ್ಕೆ ಬಂದಾಗ ಬಲಮೊಣಕಾಲಿನ ಹೊದಿಕೆ ಹರಿದು ಸುಣ್ಣ ಮೆತ್ತಿತ್ತು. ಅಯ್ಯನವರು ಒರೆಸಲು ಬಾಗಿದರು.

"ಇರ್ಲಿ ಬಿಡ್ರಿ," ಎಂದಳು ಗುರುಸಿದ್ದವ್ವ. "ಹಂಗ ಒಯ್ಯಲಿ."

ಮಣ್ಣು ಕೊಟ್ಟು ಎಲ್ಲರೂ ಕೆರೆಯ ಕಡೆ ಕೈಕಾಲು ತೊಳೆಯಲು ಹೋದರು. ಅವಳು ನೇರ ಓಣಿಗೆ ಬಂದಳು. ಮೊಣಕೈಯನ್ನು ಕೋಟೆಯ ಗೋಡೆಗೆ ಊರಿ, ಬೆರಳು ಚಾಚಿದಳು. ಬೆರಳ ತುದಿಯಿಂದ ವಖಾರದ ಗೋಡೆಗೆ ಇನ್ನರ್ಧ ಮೊಳ. ಆ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಗೀರು ಈ ತುದಿಯಿಂದ ಆ ತುದಿಯವರೆಗೆ ಓಡಿತ್ತು. ಕೆಳಗೆ ಎಂಟು ಬಿದಿರಿನ ತುಂಡು, ಎರಡು ಬಾಳೆದಿಂಡು, ಒಂದು ಹಾರ.

ಬಿಡಬೇಕಾದದ್ದು ಆರು ಮೊಳ. ಇದ್ದದ್ದು ಒಂದೂವರೆ. ಹೋದದ್ದು ನಾಲ್ಕೂವರೆ.