ಎಡಗೈಗೆ ಎಟುಕುವಷ್ಟು

"ಮೇಡಂ, ರಬ್ಬರ್‌ಗೆ ಸಿ ಕೀ ಯಾಕೆ? ಬ್ರಷ್‌ಗೆ ಎಕ್ಸ್ ಯಾಕೆ? ಇದನ್ನ ಮಾಡಿದೋರು ಕಣ್ಣು ಮುಚ್ಕೊಂಡು ಮಾಡಿದ್ರಾ?"

ಕೇಳಿದವಳು ಪುಟ್ಟ ಬಾಸ್. ಕಚೇರಿಯಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ವಯಸ್ಸಿನಲ್ಲಿ ಮಗಳಂಥವಳು, ಹುದ್ದೆಯಲ್ಲಿ ಮೇಲಿನವಳು. ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ ತಯಾರಾಗುತ್ತಿತ್ತು. ಯಾವ ಕೀ ಒತ್ತಿದರೆ ಯಾವ ಸಲಕರಣೆ ಕೈಗೆ ಬರಬೇಕು ಎನ್ನುವುದನ್ನು ಮತ್ತೆ ಗೊತ್ತುಮಾಡುವ ಕೆಲಸ, ಮೇಡಂ ಎನಿಸಿಕೊಂಡ ಇವಳ ಪಾಲಿಗೆ ಬಂದಿತ್ತು.

"ಮಾಡಿದವಳು ನಾನೇ," ಎಂದಳು ಇವಳು.

ಪುಟ್ಟ ಬಾಸ್ ನಾಲಗೆ ಕಚ್ಚಿಕೊಂಡಳು. "ಅಯ್ಯೋ, ಸಾರಿ ಮೇಡಂ. ಏನೋ ಕಾರಣ ಇದ್ದಿರುತ್ತೆ ಬಿಡಿ."

ಕಾರಣವೇನೋ ಇತ್ತು. ಹೇಳಿಕೊಳ್ಳಲು ನಾಚಿಕೆ, ಅಷ್ಟೆ.

ಆಗ ಮಗಳು ಹಸುಗೂಸು. ಕೆಳಗಿಟ್ಟರೆ ಊರು ಕೇಳುವಂತೆ ಅಳುವ ಜಾತಿ. ಕಂಪನಿಯೂ ಹಸುಗೂಸೇ, ಬಾಡಿಗೆಯ ಎರಡು ಕೋಣೆ, ಹತ್ತು ಕೆಲಸಕ್ಕೆ ಒಬ್ಬಳೇ ಹೆಂಗಸು. ಇವಳು ಮನೆಯ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಬಲಗೈಯಲ್ಲಿ ಕಂಪ್ಯೂಟರಿಗೆ ಚಿತ್ರ ಗೀಚುವ ಪೆನ್ನು ಹಿಡಿದು, ಎಡತೋಳಿನ ಮಡಿಕೆಯಲ್ಲಿ ಮಗುವಿನ ತಲೆ ಇಟ್ಟು ಹಾಲೂಡಿಸುತ್ತ ಕೂರುತ್ತಿದ್ದಳು. ಮೊಣಕೈ ಅಲುಗಿದರೆ ಮಗು ಎದ್ದೀತು. ಹಾಗಾಗಿ ಅಲುಗದ ಕೈಯ ಬೆರಳುಗಳಿಗೆ ಯಾವ ಯಾವ ಕೀ ಎಟುಕಿತೋ ಅಲ್ಲಲ್ಲಿ ಬ್ರಷ್ಷು, ರಬ್ಬರು, ಬಣ್ಣ ತುಂಬುವ ಬಕೆಟ್ಟು ಎಲ್ಲವನ್ನೂ ಇಟ್ಟುಬಿಟ್ಟಿದ್ದಳು. ಹೆಸರಿಗೂ ಕೀಗೂ ತಾಳಮೇಳವಿರಲಿಲ್ಲ.

"ಎರಡು ದೋಣಿ ಮೇಲೆ ಕಾಲಿಟ್ಟವಳು ನೀನು. ಅತ್ತ ಆಫೀಸೂ ಅಲ್ಲ, ಇತ್ತ ಮಗೂನೂ ಅಲ್ಲ," ಎಂದಿದ್ದರು ಅತ್ತೆ. ಕಂಪನಿಯ ಅಂದಿನ ಯಜಮಾನ ಅಷ್ಟೂ ಹೇಳಿರಲಿಲ್ಲ. ಕೀಗಳ ಜೋಡಣೆ ನೋಡಿ, "ಸದ್ಯಕ್ಕೆ ನಡೀಲಿ," ಎಂದು ತಲೆ ಕೆರೆದುಕೊಂಡಿದ್ದ. ಸದ್ಯಕ್ಕೆ ಅಂದದ್ದು ಮಗಳು ಇವಳ ಎತ್ತರ ಮೀರಿ ಬೆಳೆದರೂ ಹಾಗೇ ನಡೆದುಕೊಂಡು ಬಂದಿತ್ತು. ಆ ಜೋಡಣೆ ಕಂಡಾಗಲೆಲ್ಲ ಇವಳಿಗೆ ಅತ್ತೆಯ ಮಾತೇ ಕೇಳಿಸುತ್ತಿತ್ತು: ಅರೆಬರೆ ಕೆಲಸ, ಅರೆಬರೆ ತಾಯಿ. ಈಗ ಅದನ್ನು ಬುಡಸಮೇತ ಕಿತ್ತುಹಾಕುವ ಅವಕಾಶ ತಾನಾಗಿ ಬಂದಿತ್ತು. ಹೆಸರಿನ ಮೊದಲ ಅಕ್ಷರವೇ ಕೀ ಆಗುವಂಥ ಹೊಸ ಜೋಡಣೆಯನ್ನು ಇವಳು ಆಗಲೇ ಮಾಡಿಟ್ಟಿದ್ದಳು. ಹಳೆಯದು ತೊಲಗಿದರೆ ಸಾಕಾಗಿತ್ತು.

"ಬೇಕಾದೋರು ತಮಗೆ ಬೇಕಾದ ಹಾಗೆ ಬದಲಾಯಿಸ್ಕೋಬಹುದಲ್ಲ, ಹಳಬರಿಗೇನು ಕಷ್ಟ?" ಎಂದಳು ಪುಟ್ಟ ಬಾಸ್.

"ಯಾರೂ ಬದಲಾಯಿಸಲ್ಲ. ನಾವು ಕೊಟ್ಟಿದ್ದೇ ಅವರಿಗೆ ವೇದ."

"ಹಾಗಾದ್ರೆ ಒಂದ್ಸಲ ಅವರನ್ನ ನೋಡ್ಕೊಂಡು ಬನ್ನಿ. ಆಮೇಲೆ ಹೊಸ ಜೋಡಣೆಗೆ ಸಹಿ ಹಾಕಿ."

ಮಾರನೆಯ ಮಧ್ಯಾಹ್ನ ಇವಳು ಹೋದದ್ದು ಮಕ್ಕಳ ಕಾರ್ಟೂನ್ ತಯಾರಿಸುವ ಒಂದು ಸ್ಟುಡಿಯೋಗೆ. ಉದ್ದನೆಯ ಕೋಣೆ, ಎಳೆದ ಪರದೆ, ಸಾಲಾಗಿ ಕೂತು ಚಿತ್ರ ಬಿಡಿಸುವ ಜನ. ಮಾತಿಲ್ಲ, ಕತೆಯಿಲ್ಲ. ಪೆನ್ನು ಗೀಚುವ ಸದ್ದಿನ ಅಡಿಯಲ್ಲಿ ಎಡಗೈಗಳ ಟಿಕ್ ಟಿಕ್ ಮಾತ್ರ. ಅಲ್ಲಿನ ಹಿರಿಯ ಚಿತ್ರಗಾರ್ತಿ ಪಕ್ಕದಲ್ಲಿ ಕುರ್ಚಿ ಎಳೆದು ಕೊಟ್ಟರು. ಅವರು ಗೀಚುತ್ತಿದ್ದ ಆನೆಮರಿ ನೋಡನೋಡುತ್ತಿದ್ದಂತೆ ಕಿವಿ ಬೀಸಿತು.

"ರಬ್ಬರ್ ಯಾವ ಕೀನಲ್ಲಿದೆ?" ಇವಳು ಕೇಳಿದಳು.

ಚಿತ್ರಗಾರ್ತಿಯ ಕೈ ನಿಂತುಹೋಯಿತು. ಯೋಚಿಸಿದರು. ನಕ್ಕರು. "ನಂಗೊತ್ತಿಲ್ಲ ಕಣ್ರೀ. ಕೈನ ಕೇಳಿ ಹೇಳ್ತೀನಿ ಇರಿ." ಬೆರಳು ತಾನಾಗಿ ಒಂದು ಕೀಯನ್ನು ಒತ್ತಿದ ಮೇಲೆ ಬಗ್ಗಿ ನೋಡಿದರು. "ಸಿ ಅಂತೆ. ಇಷ್ಟು ವರ್ಷ ಆಯ್ತು, ಇವತ್ತು ಗೊತ್ತಾಯ್ತು ನೋಡಿ."

"ಎಲ್ಲ ಅಳಿಸೋ ಕೀ?"

"ಅದು ಮಾತ್ರ ಗೊತ್ತು, ದೂರ ಇದೆ. ಕೈ ಎತ್ತಿ ಹೋಗ್ಬೇಕು. ಅಪ್ಪಿತಪ್ಪಿ ಒತ್ತೋ ಹಾಗೇ ಇಲ್ಲ. ಯಾರೋ ಪುಣ್ಯಾತ್ಮ ಯೋಚನೆ ಮಾಡಿ ಇಟ್ಟಿದಾನೆ."

ಪುಣ್ಯಾತ್ಮ ನಗು ನುಂಗಿಕೊಂಡು ತಲೆ ತಗ್ಗಿಸಿದಳು. ಆಗಲೇ ಇವಳ ಕಣ್ಣಿಗೆ ಬಿದ್ದದ್ದು ಚಿತ್ರಗಾರ್ತಿಯ ಎಡತೋಳಿನ ಕೆಳಗಿದ್ದ ಸುತ್ತಿದ ಟವೆಲ್ಲು. ಮೊಣಕೈಯ ಮಡಿಕೆ ಅದನ್ನು ತಬ್ಬಿಕೊಂಡು, ಅಂಗೈ ಸಡಿಲವಾಗಿ ಕೀಬೋರ್ಡಿನ ಮೇಲೆ ಇಳಿಬಿದ್ದಿತ್ತು.

"ಇದೇನಿದು?"

"ಇದಾ? ಹೀಗೆ ಇಟ್ಕೊಂಡ್ರೇ ಬೆರಳು ಸರಿಯಾಗಿ ಕೂರೋದು. ಇಲ್ಲಿ ಎಲ್ಲರೂ ಇಟ್ಕೋತಾರೆ. ಹೊಸಬರಿಗೆ ಮೊದಲು ಪೆನ್ನು ಕೊಡಲ್ಲ, ಇದನ್ನ ಕೊಡ್ತೀವಿ. ಯಾರು ಶುರು ಮಾಡಿದ್ರೋ ದೇವರಿಗೇ ಗೊತ್ತು."

ಇವಳು ನಿಧಾನವಾಗಿ ತಲೆ ಎತ್ತಿ ಕೋಣೆಯನ್ನು ನೋಡಿದಳು.

ಸಾಲಿನ ಉದ್ದಕ್ಕೂ ಎಲ್ಲರ ಎಡತೋಳೂ ಒಂದೇ ಬಾಗಿನಲ್ಲಿ ಬಾಗಿತ್ತು. ಕೆಲವರಿಗೆ ಟವೆಲ್ಲು, ಕೆಲವರಿಗೆ ಪುಟ್ಟ ದಿಂಬು, ಗಿರಿಜಾಮೀಸೆಯ ದಾಂಡಿಗನೊಬ್ಬನಿಗೆ ಸುತ್ತಿದ ಹಳೆಯ ಸ್ವೆಟರು. ಹೆಗಲು ಅಲುಗುತ್ತಿರಲಿಲ್ಲ, ಮೊಣಕೈ ಅಲುಗುತ್ತಿರಲಿಲ್ಲ. ಯಾರನ್ನೋ ಎಬ್ಬಿಸಬಾರದೆನ್ನುವಂತೆ ಬೆರಳುಗಳಷ್ಟೇ ಆಡುತ್ತಿದ್ದವು. ಆ ಗಂಡಸಿನ ತೋಳಿನಲ್ಲಿ ಇವಳ ಮಗಳ ತಲೆಯಷ್ಟೇ ಜಾಗ ಇತ್ತು. ಅವನಿಗದು ಗೊತ್ತಿಲ್ಲ. ಈ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಇಂಥ ಇನ್ನೆಷ್ಟು ಕೋಣೆಗಳಲ್ಲಿ, ಇವಳು ಹೆಸರೂ ಕೇಳದ ಊರುಗಳಲ್ಲಿ, ಜನ ಹೀಗೆ ಇಲ್ಲದ ಕೂಸನ್ನು ತೋಳಲ್ಲಿಟ್ಟುಕೊಂಡು ಆನೆ, ಮೋಡ, ಮನೆ ಬಿಡಿಸುತ್ತಿದ್ದಾರೋ! ದೇವರ ಮನೆಯಲ್ಲಿ ತಗ್ಗಿಸುವ ಹಾಗೆ ದನಿ ತಗ್ಗಿಸಿ, "ನಿಮಗೆ ಕೈ ನೋಯಲ್ವಾ?" ಎಂದಳು.

"ನೋಯೋದಾ? ಮಗೂನ ಮಲಗಿಸ್ಕೊಂಡಷ್ಟು ಹಾಯಾಗಿರುತ್ತೆ," ಎಂದು ಚಿತ್ರಗಾರ್ತಿ ಮತ್ತೆ ಆನೆಮರಿಯ ಕಡೆ ತಿರುಗಿದರು.

ಅರೆಬರೆ ಎಂದು ಇವಳು ಇಷ್ಟು ದಿನ ಯಾವುದನ್ನು ತಿಳಿದಿದ್ದಳೋ ಅದು ಕಣ್ಣೆದುರಿಗೆ ಇಡಿಯಾಗಿ ಕೂತಿತ್ತು.

ಕಚೇರಿಗೆ ಬಂದವಳೇ ಪುಟ್ಟ ಬಾಸ್‌ಗೆ ಎಲ್ಲವನ್ನೂ ಹೇಳಿದಳು: ಊಟದ ಮೇಜು, ಹಾಲು, ಅಲುಗದ ಮೊಣಕೈ, ಮೀಸೆಯವನ ಸ್ವೆಟರು. "ಹಳೇ ಜೋಡಣೆ ಹಾಗೇ ಇರಲಿ. ಹೊಸಬರಿಗೆ ಕಷ್ಟ ಆಗುತ್ತೆ, ನಿಜ. ಮೊದಲ ವಾರ ಬೈಕೋತಾರೆ. ಬೈಕೊಳ್ಳಲಿ."

ಪುಟ್ಟ ಬಾಸ್ ಕುರ್ಚಿ ಮುಂದೆಳೆದುಕೊಂಡಳು. ಅವಳ ಎಡತೋಳು ಮೇಜಿನ ಮೇಲೆ ತಾನಾಗಿ ಬಾಗಿದ್ದು ಅವಳಿಗೇ ತಿಳಿದಂತಿರಲಿಲ್ಲ. "ಮೀಟಿಂಗಲ್ಲಿ ಇದನ್ನ ಹೇಗೆ ಹೇಳೋದು?" ಎಂದಳು.

"ಈಗ ಹೇಳಿದೆನಲ್ಲ, ಹಾಗೇ. ನಾನೇ ಹೇಳ್ತೀನಿ."

"ಸರಿ. ಆದರೆ ಹೊಸ ಸಲಕರಣೆ ಒಂದು ಬರ್ತಿದೆ, ಅರ್ಧ ಬಿಡಿಸಿದ್ರೆ ಇನ್ನರ್ಧ ತಾನೇ ಮೂಡೋದು. ಅದಕ್ಕಾದ್ರೂ ಒಂದು ಕೀ ಹೇಳಿ. ಸಂಜೆಯೊಳಗೆ ಕೊಡ್ತೀರಲ್ಲ?"

ಇವಳು ಎಡಗೈಯನ್ನು ಕೀಬೋರ್ಡಿನ ಮೇಲಿಟ್ಟಳು. ಖಾಲಿ ಉಳಿದಿದ್ದ ಕೀಗಳು ಬೆರಳ ತುದಿಗೆ ತಣ್ಣಗೆ ತಾಗಿದವು. ಒಂದನ್ನೂ ಒತ್ತಲು ಧೈರ್ಯ ಬರಲಿಲ್ಲ.

"ಇಲ್ಲಮ್ಮ. ಸ್ವಲ್ಪ ದಿನ ಬೇಕು."

"ಒಂದು ಕೀಗಾ?"

"ಹ್ಞೂಂ. ಒಂದು ಕೀಗೆ."